ಭೈರೋಂ ಮಾರ್ಗದ ಭೂತಗಳು



ಒಂದು ಕಾಲದ ಹಳ್ಳಿಯಾದ ಈ ಮುನಿರ್ಕಾದಲ್ಲಿ ನೆಲೆಸಿರುವ ನಾನು, ಕುಂದಾಪುರದಿಂದ ಬಂದ ತಾಯಿಯವರನ್ನು ಭೈರೋಂ ಮಾರ್ಗದ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. 1972ರ ಗ್ರಾಮಜೀವನ ಪ್ರದರ್ಶನಕ್ಕೆಂದು ಕಟ್ಟಿ, ಬಳಿಕ ಉಳಿಸಿಕೊಂಡ ನಾನಾ ಪ್ರಾಂತಗಳ ಮನೆಗಳನ್ನು ಅವರು ಗೃಹಿಣಿಯ ಕಣ್ಣಿನಿಂದಲೇ ಪರೀಕ್ಷಿಸಿದರು. ಒಲೆಯಲ್ಲಿ ಬೂದಿಯಿಲ್ಲದ್ದು ಅವರಿಗೆ ಹಿಡಿಸಲಿಲ್ಲ.

ಒಳಗೆ, ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಿಂದ ಬಂದ ಭೂತಗಳ ಬೃಹತ್ ಮರದ ಮೂರ್ತಿಗಳು. ನಾನು ಫಲಕವನ್ನು ಓದುತ್ತಿದ್ದೆ. ತಾಯಿ ಚಪ್ಪಲಿ ಕಳಚಿ ಕೈಮುಗಿದಿದ್ದರು.

“ಇವಕ್ಕೆ ಇಲ್ಲಿ ಕೋಲ ಕೊಡುವವರು ಯಾರು ಮಗಾ?”

ಸಂಗ್ರಹಾಲಯವಿಲ್ಲದಿದ್ದರೆ ಇವು ಗೆದ್ದಲಿನ ಪಾಲಾಗುತ್ತಿದ್ದವೇನೋ ಎಂದೆ. ನನ್ನ ಸಮರ್ಥನೆ ಸುಳ್ಳಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ.

ಮರಳುವಾಗ ಬಸ್ಸಿನಲ್ಲಿ ಅವರು ಊರಿನ ಕೋಲಕ್ಕೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದರು. ಅನಂತರ, ನನಗೆ ಎಷ್ಟು ರಜೆ ಉಳಿದಿದೆಯೆಂದು ವಿಚಾರಿಸಿದರು.