ಜೋಂಬಿ ಸೀರೀಸಲ್ಲಿ ಕೆಲವು ಸಾವು ಮಾತ್ರ ಯಾಕೆ ಅಷ್ಟು ಕಾಡುತ್ತೆ?

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಎಪಿಸೋಡ್ ಪೂರ್ತಿ ಸ್ಪಾಯ್ಲರ್. ‘ದಿ ವಾಕಿಂಗ್ ಡೆಡ್’ ಇನ್ನೂ ನೋಡ್ತಾ ಇರೋರು ಇದನ್ನ ಸೇವ್ ಮಾಡಿಟ್ಕೊಳ್ಳಿ, ಸೀರೀಸ್ ಮುಗಿಸಿ ಬನ್ನಿ.

2010ರಲ್ಲಿ ಶುರುವಾಗಿ 2022ರಲ್ಲಿ ಮುಗಿದ ಸೀರೀಸ್ ಇದು. 11 ಸೀಸನ್, 177 ಎಪಿಸೋಡ್. ಅಷ್ಟರಲ್ಲಿ ಎಷ್ಟು ಜನ ಸತ್ತರು ಅಂತ ಲೆಕ್ಕ ಇಡೋದೇ ಕಷ್ಟ. ಅರ್ಧಕ್ಕರ್ಧ ಜನರ ಹೆಸರೂ ನಮಗೆ ನೆನಪಿಲ್ಲ. ಆದ್ರೆ ಒಂದಷ್ಟು ಸಾವು ಮಾತ್ರ ವರ್ಷಗಳಾದ್ರೂ ಮನಸ್ಸಿಂದ ಹೋಗಲ್ಲ. ಯಾಕೆ? ರಕ್ತ ಜಾಸ್ತಿ ತೋರಿಸಿದ್ದಕ್ಕಾ? ನನಗೆ ಹಾಗನ್ನಿಸಲ್ಲ.

ಎರಡನೇ ಸೀಸನ್ನಿನ ಸೋಫಿಯಾನ ತಗೊಳ್ಳಿ. ಪುಟ್ಟ ಹುಡುಗಿ. ಹೈವೇಲಿ ಜೋಂಬಿಗಳಿಗೆ ಹೆದರಿ ಕಾಡೊಳಗೆ ಓಡ್ತಾಳೆ, ಕಳೆದುಹೋಗ್ತಾಳೆ. ಎಪಿಸೋಡ್ ಮೇಲೆ ಎಪಿಸೋಡ್ ಅವಳನ್ನ ಹುಡುಕ್ತಾರೆ. ಯಾರ ಜೊತೆಗೂ ಸರಿಯಾಗಿ ಮಾತಾಡದ ಡ್ಯಾರಿಲ್, ಅವಳ ತಾಯಿ ಕ್ಯಾರಲ್‌ಗೆ ಒಂದು ಬಿಳಿ ಹೂವು ತಂದುಕೊಟ್ಟು ಧೈರ್ಯ ಹೇಳ್ತಾನೆ. ಇನ್ನೊಂದು ಕಡೆ ಹರ್ಷಲ್ ಅನ್ನೋ ರೈತ ತನ್ನ ಕೊಟ್ಟಿಗೇಲಿ ಜೋಂಬಿಗಳನ್ನ ಕೂಡಿಹಾಕಿದ್ದಾನೆ. ಇವರು ಸತ್ತಿಲ್ಲ, ಕಾಯಿಲೆ ಬಂದಿದೆ ಅಷ್ಟೇ ಅಂತ ಅವನ ನಂಬಿಕೆ. ಏಳನೇ ಎಪಿಸೋಡಲ್ಲಿ ಆ ಕೊಟ್ಟಿಗೆಯ ಬಾಗಿಲು ಒಡೀತಾರೆ. ಹೊರಗೆ ಬಂದವರನ್ನೆಲ್ಲ ಗುಂಡಿಟ್ಟು ಉರುಳಿಸ್ತಾರೆ. ಎಲ್ಲ ಮುಗೀತು ಅನ್ನುವಾಗ ಕೊನೆಗೆ ಒಬ್ಬಳು ಬರ್ತಾಳೆ. ಸೋಫಿಯಾ.

ಆ ಸೀನಲ್ಲಿ ಬೆಚ್ಚಿಬೀಳಿಸೋ ಅಂಥದ್ದು ಏನೂ ಇಲ್ಲ. ಅವಳು ನಿಧಾನಕ್ಕೆ ನಡ್ಕೊಂಡು ಬರ್ತಾಳೆ, ಅಷ್ಟೇ. ನಮಗೆ ನೋವಾಗೋದು ಅವಳನ್ನ ಹುಡುಕಿದ ದಿನಗಳಿಗಾಗಿ. ಅಷ್ಟೂ ದಿನ ನಾವೂ ಅವರ ಜೊತೆ ಆಸೆ ಇಟ್ಕೊಂಡಿದ್ವಿ.

ಮುಂದಿನ ಎಪಿಸೋಡಲ್ಲಿ ಸೋಫಿಯಾನ ಮಣ್ಣು ಮಾಡ್ತಾರೆ. ಕ್ಯಾರಲ್ ಅಲ್ಲಿಗೆ ಹೋಗೋದೇ ಇಲ್ಲ. ಅದು ತನ್ನ ಮಗಳೇ ಅಲ್ಲ ಅಂತಾಳೆ.

ನಮ್ಮ ಮನೆಗಳಲ್ಲಿ ಯಾರಾದ್ರೂ ತೀರಿಕೊಂಡ್ರೆ ಸೂತಕ ಇರುತ್ತೆ, ತಿಥಿ ಇರುತ್ತೆ, ನೆಂಟರು ಬರ್ತಾರೆ. ಅಳೋದಕ್ಕೂ ಒಂದಷ್ಟು ದಿನ ಅಂತ ಇರುತ್ತೆ. 2021ರಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ನಮ್ಮ ದೊಡ್ಡಪ್ಪ ಹೋದಾಗ ಅದ್ಯಾವುದೂ ಆಗಲಿಲ್ಲ. ಅಂತ್ಯಕ್ರಿಯೆಯನ್ನ ವಿಡಿಯೋ ಕಾಲಲ್ಲಿ ನೋಡಿದ್ವಿ. ಕಾಲ್ ಕಟ್ ಆದಮೇಲೆ ಏನು ಮಾಡಬೇಕು ಅಂತ ಯಾರಿಗೂ ತೋಚಲಿಲ್ಲ. ಅಮ್ಮ ಎದ್ದು ಹೋಗಿ ಅಕ್ಕಿ ತೊಳೆದ್ರು. ಈ ಸೀರೀಸಿನ ಜನರ ಪಾಡು ದಿನಾ ಅದೇ. ಹೂತು ಹಾಕಿದ ಕೂಡಲೇ ಓಡಬೇಕು. ಅವರು ಅಳದೇ ಬಿಟ್ಟಿದ್ದನ್ನ ನೋಡುವ ನಾವು ಅಳ್ತೀವಿ.

ನಾನು ಓದಿದ್ದು ಬಿ.ಕಾಂ. ಅಲ್ಲಿ ಒಂದು ಮಾತಿದೆ, ಕ್ಯಾರಿ ಫಾರ್ವರ್ಡ್. ಈ ಪುಟದಲ್ಲಿ ಉಳಿದ ಬಾಕಿಯನ್ನ ಮುಂದಿನ ಪುಟಕ್ಕೆ ಒಯ್ಯೋದು. ಕಾಡೋ ಸಾವುಗಳು ಹಾಗೇನೇ. ನಾಲ್ಕನೇ ಸೀಸನ್ನಲ್ಲಿ ಕ್ಯಾರಲ್, ಕಥೆ ಹೇಳೋ ನೆಪದಲ್ಲಿ ಮಕ್ಕಳಿಗೆ ಚಾಕು ಹಿಡಿಯೋದು ಕಲಿಸ್ತಾಳೆ. ಸೋಫಿಯಾ ಹೆಸರು ಎತ್ತದೇನೇ ನಮಗೆ ಅರ್ಥ ಆಗುತ್ತೆ.

ಹರ್ಷಲ್ ಕೂಡ ಅಷ್ಟೇ. ಕೊಟ್ಟಿಗೆಯ ಆ ನಂಬಿಕೆ ಸುಳ್ಳಾಯ್ತು, ಆಮೇಲೆ ಒಂದು ಕಾಲೂ ಹೋಯ್ತು. ಆದ್ರೂ ಜೈಲಲ್ಲಿ ಜ್ವರ ಹಬ್ಬಿದಾಗ ರೋಗಿಗಳ ಪಕ್ಕ ಕೂತವನು ಅವನೇ. ರಿಕ್ ‘ನಾವು ಬದಲಾಗಬಹುದು’ ಅನ್ನೋ ಅರ್ಥದಲ್ಲಿ ಶತ್ರು ಜೊತೆ ಮಾತಾಡುವಾಗ, ಬಂದಿಯಾಗಿ ಕೂತ ಹರ್ಷಲ್ ಮುಖದಲ್ಲಿ ಒಂದು ನಗು. ಮರುಕ್ಷಣ ಕತ್ತಿ ಬೀಳುತ್ತೆ. ಇಬ್ಬರು ಹೆಣ್ಣುಮಕ್ಕಳು ಬೇಲಿ ಆಚೆಯಿಂದ ನೋಡ್ತಾ ಇರ್ತಾರೆ. ಅವತ್ತಿಂದ ರಿಕ್‌ಗೆ ಬುದ್ಧಿ ಹೇಳೋ ಹಿರಿಯ ಇಲ್ಲ. ಆ ಜಾಗ ಖಾಲಿ ಅಂತ ನಮಗೆ ಗೊತ್ತಾಗ್ತಾನೇ ಇರುತ್ತೆ.

ಈಗ ಗ್ಲೆನ್. ಆರನೇ ಸೀಸನ್ನಲ್ಲಿ ಅವನು ಸತ್ತ ಅಂತ ನಂಬಿಸಿದ್ರು. ಕೆಲವು ವಾರ ಆದಮೇಲೆ, ಇಲ್ಲ, ದೊಡ್ಡ ಕಸದ ಡಬ್ಬದ ಕೆಳಗೆ ನುಸುಳಿ ಬದುಕಿಕೊಂಡ ಅಂದ್ರು. ಸೀಸನ್ ಕೊನೇಲಿ ನೀಗನ್ ಯಾರನ್ನೋ ಹೊಡೆದು ಸಾಯಿಸಿದ, ಯಾರು ಅಂತ ಹೇಳದೇ ಆರು ತಿಂಗಳು ಕಾಯಿಸಿದ್ರು. 2016ರ ಅಕ್ಟೋಬರಲ್ಲಿ ಉತ್ತರ ಬಂತು: ಏಬ್ರಹಾಂ, ಆಮೇಲೆ ಗ್ಲೆನ್. ಗರ್ಭಿಣಿ ಹೆಂಡತಿ ಕಣ್ಣೆದುರಿಗೇ. ಆ ಎಪಿಸೋಡನ್ನ ಅಮೆರಿಕದಲ್ಲಿ ಸುಮಾರು 1.7 ಕೋಟಿ ಜನ ನೋಡಿದ್ರು. ಅದೇ ಸೀಸನ್ ಮುಗಿಯುವಾಗ ಉಳಿದಿದ್ದು ಸುಮಾರು 1.1 ಕೋಟಿ. ಎಲ್ಲರೂ ಇದೇ ಕಾರಣಕ್ಕೆ ಬಿಟ್ಟರು ಅಂತ ನಾನು ಹೇಳಲ್ಲ. ಆದ್ರೆ ಒಂದೇ ಸಾವಿಗೆ ಎರಡೆರಡು ಸಲ ಕಾಯಿಸಿದ್ರೆ, ದುಃಖದ ಜೊತೆ ಸಿಟ್ಟೂ ಬರುತ್ತೆ. ನಮ್ಮ ಪ್ರೀತಿಯನ್ನ ಆಟಕ್ಕೆ ಬಳಸಿಕೊಂಡ್ರು ಅನ್ನಿಸುತ್ತೆ.

ಕಥೇಲಿ ಸಾಯಿಸೋದು ಸುಲಭ. ಸತ್ತವರು ಇಲ್ಲ ಅನ್ನೋದನ್ನ ಉಳಿದವರ ನಡೆನುಡಿಯಲ್ಲಿ ಕಾಣಿಸೋದೇ ಕಷ್ಟ. ಅದನ್ನ ಮಾಡಿದ ಕಡೆ ನಾವು ಅಳ್ತೀವಿ. ಮಾಡದ ಕಡೆ ಬರೀ ಬೆಚ್ಚಿಬೀಳ್ತೀವಿ, ಮುಂದಿನ ಎಪಿಸೋಡ್ ಒತ್ತುತೀವಿ.

ನಿಮ್ಮನ್ನ ಇನ್ನೂ ಬಿಡದ ಸಾವು ಯಾರದ್ದು? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.