ಬಾಳೆತೋಟದ ವಿಷ

ವೀಕ್ಷಕರೇ, ಕೆರಿಬಿಯನ್ ಸಮುದ್ರದಲ್ಲಿ ಮಾರ್ಟಿನಿಕ್ ಅಂತ ಒಂದು ಪುಟ್ಟ ದ್ವೀಪ ಇದೆ. ಪ್ಯಾರಿಸ್‌ನಿಂದ ಸುಮಾರು 7 ಸಾವಿರ ಕಿಲೋಮೀಟರ್ ದೂರ. ಆದರೂ 1946ರಿಂದ ಅದು ಫ್ರಾನ್ಸ್‌ನ ಜಿಲ್ಲೆ ಇದ್ದ ಹಾಗೆ. ಅದೇ ಪಾಸ್‌ಪೋರ್ಟ್, ಅದೇ ಯೂರೋ, ಅದೇ ಸಂಸತ್ತು. ಕಾನೂನೂ ಅದೇನಾ?

ಕ್ಲೋರ್ಡೆಕೋನ್ ಕಥೆ ಕೇಳಿ. ಬಾಳೆಗೆಡ್ಡೆ ಕೊರೆಯೋ ಹುಳಕ್ಕೆ ಹಾಕ್ತಿದ್ದ ಕೀಟನಾಶಕ. ಅಮೆರಿಕದಲ್ಲಿ ಇದನ್ನು ತಯಾರಿಸ್ತಿದ್ದ ಕಾರ್ಮಿಕರು ಕಾಯಿಲೆ ಬಿದ್ದು, 1975ರಲ್ಲೇ ಕಾರ್ಖಾನೆ ಮುಚ್ಚಿತ್ತು. ಫ್ರಾನ್ಸ್ ನಿಷೇಧಿಸಿದ್ದು 1990ರಲ್ಲಿ. ಆದರೆ ಮಾರ್ಟಿನಿಕ್, ಗ್ವಾಡಲೂಪ್ ದ್ವೀಪಗಳ ತೋಟಗಳಿಗೆ ಮಾತ್ರ 1993ರವರೆಗೂ ವಿನಾಯಿತಿ! ಯಾರಿಗಾಗಿ ಸ್ವಾಮಿ ಈ ವಿನಾಯಿತಿ?

ಈಗ ಅಲ್ಲಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಜನರ ರಕ್ತದಲ್ಲಿ ಆ ವಿಷದ ಅಂಶ ಇದೆ. ಮಣ್ಣಲ್ಲೂ ಇದೆ, ಮೀನಲ್ಲೂ ಇದೆ. 2006ರಲ್ಲಿ ದೂರು ಕೊಟ್ಟರು. 2023ರ ಜನವರಿಯಲ್ಲಿ ಪ್ಯಾರಿಸ್‌ನ ನ್ಯಾಯಾಧೀಶರು ಇದು ಹಗರಣ ಅಂತ ಒಪ್ಪಿಕೊಂಡೇ, ಹಳೇ ಪ್ರಕರಣ ಅಂತ ಫೈಲ್ ಮುಚ್ಚಿದರು.