ಸಣ್ಣ ಚಿತ್ರಗಳಿಗೂ ಒಂದು ಪರಿಷೆ ಬೇಕು

(ಬಸವನಗುಡಿಯಲ್ಲಿ ಸೇರಿದ್ದ ಚಿತ್ರಾಸಕ್ತರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಸಿನಿಮಾ ಪಂಡಿತರಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದು, ಆಮೇಲೆ ಪಕ್ಷದ ಕೆಲಸಕ್ಕೆ ಇಳಿದವರು. ಚಿತ್ರೋತ್ಸವದ ಬಗ್ಗೆ ಮಾತನಾಡಲು ಕರೆದಿದ್ದೀರಿ. ನೋಡುವವರ ಕಡೆಯಿಂದ ನಾಲ್ಕು ಮಾತು ಹೇಳುತ್ತೇವೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಇದೇ ಊರಿನ ಸಿಟಿ ಮಾರ್ಕೆಟ್ ಬಳಿಯ ದೊಡ್ಡಣ್ಣ ಹಾಲಿನಲ್ಲಿ ತೆರೆ ಕಂಡಿತು. ಆದರೆ ಅದು ತಯಾರಾದದ್ದು ಕೊಲ್ಲಾಪುರದಲ್ಲಿ. ಇಲ್ಲಿ ಸ್ಟುಡಿಯೋ ಇರಲಿಲ್ಲ. ಅಂದು ತೋರಿಸಲು ಜಾಗವಿತ್ತು, ತೆಗೆಯಲು ಅನುಕೂಲವಿರಲಿಲ್ಲ. ಇಂದು ಕ್ಯಾಮರಾ ಅಂಗೈಗೆ ಬಂದಿದೆ, ತೋರಿಸಲು ಜಾಗವಿಲ್ಲ. ಸಣ್ಣ ಚಿತ್ರದ ಸಂಕಟವೆಲ್ಲ ಇಷ್ಟರಲ್ಲಿದೆ.

ಹಣವಿಲ್ಲದವರು ಚಿತ್ರ ತೆಗೆಯಲಾರರೆಂಬುದು ಸುಳ್ಳು. ಲೋಹಿಯಾ ಅವರ ಅನುಯಾಯಿಗಳಾಗಿದ್ದ ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ ದಂಪತಿಗಳು ‘ಸಂಸ್ಕಾರ’ ಮಾಡಿದರು. ಸೆನ್ಸಾರಿನವರು ಮೊದಲು ತಡೆದರು; 1970ರಲ್ಲಿ ಬಿಡುಗಡೆಯಾಗಿ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇತ್ತೀಚಿನ ಮಾತೇ ಬೇಕೆಂದರೆ, ಮಂಡ್ಯ ಜಿಲ್ಲೆಯ ಹಳ್ಳಿಯವರೇ ಪಾತ್ರವಹಿಸಿದ ‘ತಿಥಿ’ 2015ರಲ್ಲಿ ಲೊಕಾರ್ನೋ ಉತ್ಸವದಲ್ಲಿ ಬಹುಮಾನ ಪಡೆಯಿತು. 2013ರ ‘ಲೂಸಿಯಾ’ ಪ್ರೇಕ್ಷಕರೇ ಕೂಡಿಸಿಕೊಟ್ಟ ಹಣದಿಂದ ತಯಾರಾಯಿತು.

ಹೀಗೆ ಹುಟ್ಟಿದ ಚಿತ್ರ ಪೇಟೆಗೆ ಬಂದಾಗ ಏನಾಗುತ್ತದೆ? ದೊಡ್ಡ ಚಿತ್ರಕ್ಕೆ ದಿನವೆಲ್ಲ ಆಟ. ಸಣ್ಣದಕ್ಕೆ ಜನ ಕೆಲಸದಲ್ಲಿರುವ ಹೊತ್ತಿನಲ್ಲಿ ಒಂದು ಆಟ. ನೋಡಿದವರು ನೆರೆಯವರಿಗೆ ಹೇಳುವಷ್ಟರಲ್ಲಿ ಶುಕ್ರವಾರ ಬರುತ್ತದೆ, ಚಿತ್ರ ಹೋಗುತ್ತದೆ. ಆಮೇಲೆ ‘ಜನರಿಗೆ ಇಂಥದು ಬೇಡ’ ಎಂದು ತೀರ್ಪು! ಊಟ ಬಡಿಸದೆ ಹಸಿವಿಲ್ಲವೆನ್ನುವುದು ಯಾವ ನ್ಯಾಯ? ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿ ಸರಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ಹೊರಡಿಸಿತು. ಮಲ್ಟಿಪ್ಲೆಕ್ಸಿನವರು ಕೋರ್ಟಿಗೆ ಹೋದರು; ಅದೇ ತಿಂಗಳು ತಡೆಯಾಜ್ಞೆ ಬಂತು.

ಇಂಥಲ್ಲಿ ಉತ್ಸವವೇ ಸಣ್ಣ ಚಿತ್ರದ ಆಸರೆ. 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲಂ ಸೊಸೈಟಿ 2006ರಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಆರಂಭಿಸಿತು. ಕನ್ನಡ ಚಿತ್ರಗಳಿಗೆ ಅಲ್ಲಿ ಬೇರೆಯೇ ಸ್ಪರ್ಧೆಯಿದೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ 2025ರ ಮಾರ್ಚ್ 1ರಿಂದ 8ರವರೆಗೆ ನಡೆದ 16ನೆಯ ಉತ್ಸವದ ಬಹುತೇಕ ಚಿತ್ರಮಂದಿರಗಳು ಮಲ್ಲೇಶ್ವರದ ಪಶ್ಚಿಮಕ್ಕಿರುವ ಒರಾಯನ್ ಮಾಲಿನಲ್ಲಿದ್ದವು. ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳನ್ನು ನೀನೂ ಬಾರಮ್ಮ ಎಂದು ಕರೆದೆವು. ‘ಸಾರ್, ಹಗಲು ಬಂದರೆ ಆ ದಿನದ ಸಂಬಳ ಯಾರು ಕೊಡ್ತಾರೆ?’ ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ. ಟಿಕೆಟ್ಟಿನ ಬೆಲೆಯೊಂದೇ ಬೆಲೆಯಲ್ಲ, ಮಿತ್ರರೇ. ಕಳೆದುಕೊಂಡ ಕೂಲಿಯೂ ಬೆಲೆಯೇ.

ಬಡವರಿಗೆ ಇಂಥ ಚಿತ್ರ ಅರ್ಥವಾಗದೆಂದು ಕೆಲವರು ಹೇಳುತ್ತಾರೆ. ಅಂಥವರು ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೋಗಿ ಕೇಳಲಿ. ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ನಡುವಿನ ಹಳ್ಳಿಗೆ ತಂದಿತು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ತಂಡ ಜನರಿಂದಲೇ ಚಂದಾ ಎತ್ತಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿ, ಊರೂರಿಗೆ ಒಯ್ದು ತೋರಿಸಿತು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು, ಉತ್ಸವ ಮುಗಿದ ಮೇಲೆ ಅಲ್ಲಿನ ಕನ್ನಡ ಚಿತ್ರಗಳನ್ನು ಚಾಮರಾಜಪೇಟೆ, ಮಲ್ಲೇಶ್ವರ, ಬಸವನಗುಡಿಯ ಸಭಾಂಗಣಗಳಲ್ಲಿ ಸಂಜೆ ಹೊತ್ತು, ಅಗ್ಗದ ದರದಲ್ಲಿ ತೋರಿಸಬೇಕು. ಎರಡು, ಅಲ್ಲಿಂದ ಅವು ತಾಲ್ಲೂಕು ಊರುಗಳಿಗೆ ಹೊರಡಬೇಕು. ತೆಗೆದವರಿಗೆ ಬಾಡಿಗೆ ಸಲ್ಲಬೇಕು. ಮೂರನೆಯದು ಸರಕಾರಕ್ಕಲ್ಲ, ನಮಗೇ: ಬಡಾವಣೆಗೊಂದು ಚಿತ್ರಸಮಾಜ ಕಟ್ಟಬೇಕು.

ಇಲ್ಲೇ ದೊಡ್ಡ ಬಸವನ ಗುಡಿಯ ಮುಂದೆ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬೆಳೆದವರೇ ಬಂದು ರಾಶಿ ಹಾಕುತ್ತಾರೆ. ಕೊಳ್ಳುವವರು ಒಂದು ಕಾಯಿ ಸುಲಿದು ರುಚಿ ನೋಡಿ ಬೆಲೆ ಕೇಳುತ್ತಾರೆ. ಬಾಗಿಲಿಲ್ಲ, ಚೀಟಿಯಿಲ್ಲ, ಕೂಲಿಯವನೂ ವಕೀಲನೂ ಒಂದೇ ರಾಶಿಯ ಮುಂದೆ ನಿಲ್ಲುತ್ತಾರೆ. ಚಿತ್ರೋತ್ಸವವೂ ಹಾಗಾಗಲಿ. ಆ ಹೆಣ್ಣುಮಗಳು ಕೆಲಸ ಮುಗಿಸಿ ಬಂದು ಕೂರುವ ಒಂದು ಬೆಂಚನ್ನು ಮೊದಲು ಹಾಕೋಣ.